ಅಡಿ ತಾಗಿದ್ ಕೈಗೆ ಗೊತ್ತಾಯ್ಕ್

ಮೊನ್ನೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ನಾನೊಂದು ಫೋಟೋ ಹಾಕಿದ್ದೆನಲ್ಲ, ಕೆಂಪು ಲೈಫ್ ಜಾಕೆಟ್ ಹಾಕ್ಕೊಂಡು, ಮಂಡೆಗೆ ಇವರ ಹಳೇ ಟೊಪ್ಪಿ ಇಟ್ಕೊಂಡು, ಕೈಯಲ್ಲಿ ಒಂದು ಹಸಿರು ಮೀನು ಹಿಡ್ಕೊಂಡದ್ದು. ಅದಕ್ಕೆ ಬಂದ ಪ್ರಶ್ನೆ ಓದಿ ಓದಿ ಎರಡು ದಿನ ನಗಾಡಿದೆ. ಚಿಕ್ಕಮ್ಮ, "ಅದ್ ಎಂತ ಮೀನ್ ಹೆಣೆ, ಕಿಲೋಕ್ಕೆ ಎಷ್ಟ್?" ಅತ್ತಿಗೆ, "ಸಾರ್ ಮಾಡ್ದ್ಯಾ, ಹುರ್ದ್ಯಾ?" ತಿರುಗಿ ನೀರಿಗೇ ಬಿಟ್ಟೆ ಅಂದದ್ದಕ್ಕೆ ದೊಡ್ಡಕ್ಕ ಬರೆಯುವ ತಾಳ್ಮೆ ಇಲ್ಲದೆ ಫೋನೇ ಮಾಡಿದಳು. "ಹಿಡ್ದ್ ಮೀನ್ ಬಿಟ್ಟ್ ಬಪ್ಪುದಾ? ಅಮೆರಿಕಕ್ಕೆ ಹೋಯಿ ನಿಂಗೆ ಮಂಡೆ ಸಮ ಇಲ್ಯಾ?"

ಒಬ್ಬೊಬ್ಬರಿಗೇ ಹೇಳುವ ಬದಲು ಇಲ್ಲೇ ಬರೀತೆ ಅಂದೇಳಿ ಕೂತೆ. ಆದರೆ ಮೀನಿನ ಕತೆ ಹೇಳುಕೆ ಹೊರಟ್ರೆ ಇವರ ಎದೆಯ ಕತೆಯೂ ಹೇಳಬೇಕಾಗ್ತದೆ. ಅದನ್ನು ನಾನು ನಿಮಗೆ ಅರ್ಧ ಮಾತ್ರ ಹೇಳಿದ್ದೆ.

ಜನವರಿಯಲ್ಲಿ ಇವರಿಗೆ ಎದೆ ಹಿಡಿದ ಹಾಗಾಗಿ ಆಸ್ಪತ್ರೆಗೆ ಹೋದದ್ದು, ಸ್ಟೆಂಟ್ ಹಾಕಿದ್ದು ನಿಮಗೆ ಗೊತ್ತಿತ್ತು. "ಈಗ ಎಲ್ಲ ಸಮ ಆಯ್ತ್, ಹೆದ್ರಬೇಡಿ" ಅಂದಿದ್ದೆ. ಇವರಿಗೆ ಸಮ ಆದದ್ದು ಹೌದು. ಸಮ ಆಗದೆ ಇದ್ದದ್ದು ನನಗೆ. ರಾತ್ರಿ ಎರಡು ಗಂಟೆಗೆ ತನ್ನಷ್ಟಕ್ಕೇ ಎಚ್ಚರ ಆಗ್ತಿತ್ತು. ಕತ್ತಲಲ್ಲಿ ಇವರ ಹೊದಿಕೆ ಏರ್ತಾ ಇಳೀತಾ ಇತ್ತಾ ಅಂತ ಕಾಣುವುದು. ಕಾಣದಿದ್ದರೆ ಮೂಗಿನ ಹತ್ತಿರ ಬೆರಳು ಹಿಡಿಯುವುದು. ಬಚ್ಚಲಿಗೆ ಹೋಗಿ ಐದು ನಿಮಿಷ ಆದರೆ ಬಾಗಿಲು ತಟ್ಟುವುದು. ಮೆಟ್ಟಿಲು ಹತ್ತಿದರೆ ಹಿಂದೆಯೇ ಹತ್ತುವುದು. ಮಾರ್ಚ್ ಹೊತ್ತಿಗೆ ಇವರಿಗೆ ಸಾಕಾಗಿ ಹೋಯ್ತು. ಒಂದಿನ ಊಟಕ್ಕೆ ಕೂತಾಗ ಅಂದರು: "ನೀ ಹೀಂಗೇ ನನ್ನ ಕಾಂತಾ ಕೂಕಂಡ್ರೆ ಇಪ್ಪ ಉಸ್ರೂ ನಿಂತ್ ಹೋತ್ ಮಾರಾಯ್ತಿ." ನಾನು ಎದ್ದು ಹೋಗಿ ಪಾತ್ರೆ ತಿಕ್ಕಿದೆ. ಆ ದಿನ ಮತ್ತೆ ಮಾತಿಲ್ಲ.

ಇವರಿಗೆ ಇಲ್ಲಿ ಇರುವ ಒಂದೇ ಹುಚ್ಚು ಅಂದರೆ ಮೀನು ಹಿಡಿಯುವುದು. ನಾವಿರುವ ಸ್ಪ್ರಿಂಗ್‌ಫೀಲ್ಡ್ ಮಿಸ್ಸೂರಿ ರಾಜ್ಯದಲ್ಲಿತ್ತು. ಇಲ್ಲಿಂದ ದಕ್ಷಿಣಕ್ಕೆ ಒಂದು ಗಂಟೆ ಕಾರಲ್ಲಿ ಹೋದರೆ ಟೇಬಲ್ ರಾಕ್ ಅಂತ ದೊಡ್ಡ ಸರೋವರ. ಸರೋವರ ಅಂದ್ರೂ ದೇವರು ಮಾಡಿದ್ದಲ್ಲ, ವೈಟ್ ಅಂಬ ಹೊಳೆಗೆ 1958ರಲ್ಲಿ ಅಣೆಕಟ್ಟು ಕಟ್ಟಿ ಮುಗಿಸಿದಾಗ ಗುಡ್ಡಗಳ ಸಂದೆಲ್ಲ ನೀರು ತುಂಬಿ ಆದದ್ದು. ಊರಿನ ಜನಕ್ಕೂ ಇದೇ ಹುಚ್ಚು. ಅಮೆರಿಕ ಇಡೀ ಹೆಸರು ಮಾಡಿದ ಬಾಸ್ ಪ್ರೋ ಅಂಬ ಗಾಳದ ಅಂಗಡಿ ಶುರುವಾದದ್ದೇ ಈ ಊರಲ್ಲಿ, 1972ರಲ್ಲಿ, ಒಬ್ಬ ಹುಡುಗ ತನ್ನ ಅಪ್ಪನ ಹೆಂಡದ ಅಂಗಡಿಯ ಹಿಂದೆ ಒಂಚೂರು ಜಾಗದಲ್ಲಿ ಗಾಳ ಮಾರಿ. ನಮ್ಮೂರಲ್ಲಾದರೆ ಹೆಂಡದಂಗಡಿ ಎದುರು ಹುರಿದ ಮೀನು ಮಾರುತ್ತಿದ್ದರು, ಅಷ್ಟೇ ವ್ಯತ್ಯಾಸ.

ಡಾಕ್ಟರು, "ಮೀನು ಹಿಡಿಯಲಿಕ್ಕೆ ಹೋಗಬಹುದು, ಒಬ್ಬರೇ ದೋಣಿಯಲ್ಲಿ ಹೋಗುವುದು ಬೇಡ" ಅಂದರು. ಇವರ ಜೊತೆ ಹೋಗುತ್ತಿದ್ದ ಗೆಳೆಯ ಬೇರೆ ಊರಿಗೆ ಹೋಗಿಯಾಗಿತ್ತು. ನಾನು ಅಂದೆ, "ನಾ ಬತ್ತೆ."

ಇವರು ನನ್ನ ಮುಖ ಕಂಡರು. ಯಾಕೆಂದರೆ ನನಗೆ ಈಜು ಬಪ್ಪುದಿಲ್ಲ. ಗಂಗೊಳ್ಳಿ ಹತ್ತಿರ ಐದು ಹೊಳೆ ಸೇರುವಲ್ಲಿ ಹುಟ್ಟಿದವಳು, ಆದರೂ ಬಪ್ಪುದಿಲ್ಲ. ನಿಮ್ಮಲ್ಲೂ ಎಷ್ಟು ಜನಕ್ಕೆ ಬತ್ತ್ ಹೇಳಿ? ಗಂಡುಮಕ್ಕಳು ಹೊಳೆಗೆ ಹಾರಿ ಕಲಿತರು, ನಾವು ದಡದಲ್ಲಿ ಬಟ್ಟೆ ಒಗೆದೆವು. ಮಳೆಗಾಲದಲ್ಲಿ ಅಳಿವೆಯಲ್ಲಿ ದೋಣಿ ಮಗುಚಿದ ಸುದ್ದಿ ಕೇಳಿ ಬೆಳೆದ ನಮಗೆ ಆಳದ ನೀರು ಅಂದರೆ ಹೊಟ್ಟೆಯೊಳಗೆ ಒಂದು ಕಲ್ಲು.

ಮೊದಲ ಮೂರು ಸಲ ನಾನು ದೋಣಿಯಲ್ಲಿ ಹಿಂದಿನ ಸೀಟಲ್ಲಿ ಕೂತು ಬೀನ್ಸ್ ಕೊಯ್ದೆ. ನಿಜಕ್ಕೂ. ಮನೆಯಿಂದ ಚೂರಿ, ಮಣೆ, ಡಬ್ಬಿ ಕಟ್ಟಿಕೊಂಡು ಹೋಗಿದ್ದೆ. ಇವರು ಮುಂದೆ ನಿಂತು ಕಾಲಲ್ಲಿ ಸಣ್ಣ ಕರೆಂಟ್ ಮೋಟಾರು ಒತ್ತುತ್ತಾ ಗಾಳ ಹಾಕುವುದು, ನಾನು ಒಂದು ಬೀನ್ಸ್ ಕೊಯ್ದು ಒಂದು ಸಲ ಇವರ ಬೆನ್ನು ಕಾಣುವುದು. ದೊಡ್ಡ ಇಂಜಿನ್ ಓಡಿಸುವಾಗ ಇವರ ಜಾಕೆಟ್ಟಿಗೊಂದು ಕೆಂಪು ಹಗ್ಗ ಸಿಕ್ಕಿಸ್ಕಂತ್ರು. ಓಡಿಸುವವರು ನೀರಿಗೆ ಬಿದ್ದರೆ ಹಗ್ಗ ಕಿತ್ತು ಬಂದು ಇಂಜಿನ್ ತಾನೇ ನಿಲ್ತದೆ. 2021ರ ಏಪ್ರಿಲ್‌ನಿಂದ ಇಲ್ಲಿ ಚಿಕ್ಕ ದೋಣಿಗಳಿಗೆ ಅದು ಕಾನೂನೇ. ಆ ಹಗ್ಗ ಸಿಕ್ಕಿಸಿದ್ದಾರಾ ಇಲ್ಲವಾ ಅಂತ ನಾನು ಎಳೆದು ಎಳೆದು ಕಂಡೆ. ಇವರು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದರು.

ನನ್ನ ಕೈಗೆ ಗಾಳ ಕೊಟ್ಟದ್ದು ಇವರಲ್ಲ, ಪಕ್ಕದ ಮನೆ ಅಜ್ಜಿ. ಶಾಲೆ ಬಸ್ಸು ಓಡಿಸಿ ನಿವೃತ್ತಿಯಾದವರು, ಎಪ್ಪತ್ತು ದಾಟಿತ್ತು. ಬೇಲಿ ಬದಿ ನಿಂತು ಮಾತಾಡುವಾಗ ನಾನು ಬೀನ್ಸಿನ ಕತೆ ಹೇಳಿದೆ. ಅವರು ನಗಲಿಲ್ಲ. ಒಳಗೆ ಹೋಗಿ ಒಂದು ರಾಡ್ ತಂದು ನಮ್ಮ ಅಂಗಳದಲ್ಲೇ ಪಾಠ ಶುರು ಮಾಡಿದರು.

ಮೊದಲು ಜಿಗ್ ಅಂದ್ರೆ ಎಂತ ಹೇಳ್ತೆ. ನಮ್ಮ ಅಪ್ಪಯ್ಯನ ಗಾಳದಲ್ಲಿ ಕೊಕ್ಕೆ ಬೇರೆ, ಸೀಸದ ಗುಂಡು ಬೇರೆ ಅಲ್ದಾ? ಜಿಗ್ಗಿನಲ್ಲಿ ಎರಡೂ ಒಂದೇ. ಕೊಕ್ಕೆಯ ತಲೆಗೇ ಸೀಸ ಎರಕ ಹೊಯ್ದಿರ್ತಾರೆ. ಆಳದ ನೀರಿಗೆ ಅರ್ಧ ಔನ್ಸ್ ಇಲ್ಲಾ ಮುಕ್ಕಾಲು ಔನ್ಸ್, ಅಂದ್ರೆ 14 ಗ್ರಾಂ, 21 ಗ್ರಾಂ. ಅದರ ಸುತ್ತ ರಬ್ಬರಿನ ಎಳೆಗಳ ಲಂಗ. ಕೊಕ್ಕೆಯ ಮೊನೆ ಕಲ್ಲಿಗೆ, ಕಟ್ಟಿಗೆಗೆ ಸಿಕ್ಕಿಕೊಳ್ಳಬಾರದು ಅಂತ ಬ್ರಷ್ಷಿನ ಹಾಗೆ ಒಂದಿಷ್ಟು ಗಟ್ಟಿ ಕೂದಲು. ಹಿಂದೆ ಮೆತ್ತನೆ ಪ್ಲಾಸ್ಟಿಕ್ಕಿನ ಎರಡು ಕೊಂಬು. ಇದೆಲ್ಲ ಸೇರಿ ನೀರಡಿಯಲ್ಲಿ ಕ್ರಾಫಿಶ್ ಹಾಗೆ ಕಾಣ್ಕು. ಕ್ರಾಫಿಶ್ ಅಂದ್ರೆ ಚಟ್ಲಿಗೂ ಏಡಿಗೂ ಹುಟ್ಟಿದ ಮಗು ಹಾಗೆ ಇರ್ತದೆ, ಕಲ್ಲಿನಡಿ ಇರ್ತದೆ, ಬಾಸ್ ಮೀನಿಗೆ ಅದು ಅಂದ್ರೆ ಪ್ರಾಣ. ಆ ಪ್ಲಾಸ್ಟಿಕ್ ಕೊಂಬಿನ ಪೊಟ್ಟಣ ಬಿಚ್ಚಿದರೆ ಕೆಲವಕ್ಕೆ ಬೆಳ್ಳುಳ್ಳಿ ಪರಿಮಳ! ಮೀನಿಗೆ ಇಷ್ಟ ಅಂದೇಳಿ ಹಾಕ್ತಾರಂತೆ. ಮೀನಿಗೆ ನಾವು ಮಸಾಲೆ ಹಾಕುದು ಬಾಣಲೆಗೆ ಬಂದ ಮೇಲೆ, ಇವರು ಮೊದಲೇ.

ಅಜ್ಜಿ ಮಾಡಿದ್ದು ಎಂತ ಅಂದ್ರೆ, ಜಿಗ್ಗನ್ನು ಅಂಗಳದ ಜಲ್ಲಿ ಮೇಲೆ ದೂರ ಇಟ್ಟು ಬಂದು, ರಾಡ್ ನನ್ನ ಕೈಗೆ ಕೊಟ್ಟು, "ಕಣ್ಣು ಮುಚ್ಚು, ಮೆಲ್ಲ ಎಳಿ" ಅಂದರು. ಕಟ್ ಕಟ್ ಕಟ್ ಅಂತ ಅಂಗೈಗೆ ಬಂತು. ಮತ್ತೆ ಸಿಮೆಂಟಿನ ಮೇಲೆ ಎಳೆಸಿದರು. ಬರೀ ನವಿರು ಗರಗರ. ಮತ್ತೆ ಹುಲ್ಲಿನ ಮೇಲೆ: ಹಿಡಿಯುವುದು, ಬಿಡುವುದು, ಹಿಡಿಯುವುದು. ಮರದ ಬೇರಿನ ಮೇಲೆ: ಏರಿ, ಒಂದು ಕ್ಷಣ ನಿಂತು, ಟಪ್ ಅಂತ ಆಚೆ ಬೀಳುವುದು. ಒಳಗೆ ಕರೆದುಕೊಂಡು ಹೋಗಿ ಕಾರ್ಪೆಟ್ ಮೇಲೂ ಎಳೆಸಿದರು, ಅದು ಕೆಸರಿನ ಲೆಕ್ಕ. ಕಣ್ಣು ಮುಚ್ಚಿಕೊಂಡೇ ಯಾವುದು ಯಾವುದು ಅಂತ ಹೇಳಬೇಕು. ತಪ್ಪಿದರೆ ಮತ್ತೆ. ಹಾಗೆ ಒಂದು ವಾರ, ಸಂಜೆ ಅರ್ಧರ್ಧ ಗಂಟೆ. ಎದುರು ಮನೆಯವರು ಕಿಟಕಿಯಿಂದ ಕಂಡು ಎಂತ ಅಂದುಕೊಂಡರೋ ದೇವರಿಗೇ ಗೊತ್ತು.

ಹಾಲ್ಬಾಯಿ ಕಾಯಿಸಿದವರಿಗೆ ಇದು ಬೇಗ ಅರ್ಥ ಆಗ್ತದೆ. ಸಟ್ಟುಗ ತಿರುವ್ತಾ ತಿರುವ್ತಾ ಅಡಿ ಹಿಡಿಯಲಿಕ್ಕೆ ಶುರುವಾದದ್ದು ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗ್ತದಲ್ದಾ? ಅದೇ.

ಒಂದು ಸಂಜೆ ಅಜ್ಜಿ ನನ್ನ ಎಡಗೈ ತೋರುಬೆರಳನ್ನು ಹಿಡಿದು ದಾರದ ಕೆಳಗೆ ಇಟ್ಟರು, "ದಾರ ಇದರ ಮೇಲೆ ಒರಗಿರಲಿ" ಅಂದರು. ನನಗೆ ಕೂಡಲೇ ಅಪ್ಪಯ್ಯನ ನೆನಪು ಬಂತು. ಸಂಜೆ ಹೊಳೆ ಬದಿ ಕಲ್ಲಿನ ಮೇಲೆ ಕೂತು, ಕೋಲಿಲ್ಲ ಎಂತ ಇಲ್ಲ, ಬರೀ ದಾರ ಬೆರಳಿನ ಮೇಲೆ ಇಟ್ಟುಕೊಂಡು ಆಚೆ ದಡ ಕಾಣುತ್ತಾ ಇರುತ್ತಿದ್ದರು. "ಕಣ್ಣ್ ಎಲ್ಲಾರೂ ಇರ್ಲಿ, ಬೆರಳ್ ನೀರೊಳ್ಗೆ ಇರ್ಕ್" ಅಂತಿದ್ದರು ಅಣ್ಣನಿಗೆ. ನನಗೆ ಹೇಳಿದ್ದಲ್ಲ. ನಾನು ಹತ್ತಿರ ಮೀನಿನ ಚೆಂಬು ಹಿಡ್ಕೊಂಡು ಕೂತಿರುತ್ತಿದ್ದೆ ಅಷ್ಟೆ. ಅಣ್ಣ ಕಲಿಯಲಿಲ್ಲ, ಬೆಂಗಳೂರಿಗೆ ಹೋದ. ನಲವತ್ತು ವರ್ಷ ಕಳೆದು ನಾನು ಮಿಸ್ಸೂರಿಯಲ್ಲಿ ಕಲಿತೆ.

ಅಂಗಳದಲ್ಲಿ ಕಲಿತದ್ದು ನೀರಲ್ಲಿ ಕೂಡಲೇ ಬರಲಿಲ್ಲ. ಮೊದಲ ದಿನ ರೀಲಿನಲ್ಲಿ ದಾರ ಸಿಕ್ಕಾಗಿ ತೆಂಗಿನ ನಾರಿನ ಮುದ್ದೆ ಹಾಗೆ ಆಯ್ತು. ಜಿಗ್ ನೀರಿಗೆ ಬೀಳುವ ಹೊತ್ತಿಗೆ ಹೆಬ್ಬೆರಳಿಂದ ರೀಲನ್ನು ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಒಳಗಿನ ಉರುಳೆ ತಿರುಗುತ್ತಲೇ ಇರ್ತದೆ. ಬಿಡಿಸಲಿಕ್ಕೆ ಅರ್ಧ ಗಂಟೆ. ಮತ್ತೆ ನಾಲ್ಕು ಜಿಗ್ ಕಲ್ಲಿನ ಸಂದಿಗೆ ಸಿಕ್ಕಿಸಿ ಕಳೆದೆ. ಒಂದಕ್ಕೆ ನಾಲ್ಕೈದು ಡಾಲರ್. ಲೆಕ್ಕ ಹಾಕಿದರೆ ಎರಡು ಕಿಲೋ ಅಂಜಲ್ ತಿಂಬಷ್ಟು ದುಡ್ಡು ನೀರಡಿಗೆ. ಸಿಕ್ಕಿಕೊಂಡರೆ ಜೋರು ಎಳೀಬಾರದು, ದೋಣಿಯನ್ನು ಆಚೆ ಬದಿಗೆ ತಂದು ಬಂದ ದಾರಿಯಲ್ಲೇ ತಿರುಗಿಸಿ ಅಲ್ಲಾಡಿಸಬೇಕು, ಬಹಳ ಸಲ ಬಿಟ್ಟುಕೊಳ್ತದೆ. ಇದನ್ನು ಇವರು ಐದನೇದಕ್ಕೆ ಹೇಳಿಕೊಟ್ಟರು. ಮೊದಲೇ ಹೇಳಬಾರದಾ?

ಇನ್ನು ಆಳ ಯಾಕೆ ಅಂದ್ರೆ. ಬೇಸಗೆಯಲ್ಲಿ ಆ ಸರೋವರದ ನೀರು ಪದರ ಪದರ ಆಗ್ತದೆ. ಮೇಲಿನದು ಬಿಸಿ, ಕೆಳಗೆ ಒಮ್ಮೆಲೇ ತಂಪು, ಆದರೆ ತೀರಾ ಕೆಳಗಿನ ನೀರಲ್ಲಿ ಮೀನಿಗೆ ಉಸಿರಾಡುವಷ್ಟು ಗಾಳಿ ಇಲ್ಲ. ದೋಣಿಯ ಸೋನಾರ್ ಪರದೆ ಮೇಲೆ ಆ ಗಡಿ ತೆಳ್ಳಗೆ ಮಂಜಿನ ಗೆರೆ ಹಾಗೆ ಕಾಣ್ತದೆ. ದೊಡ್ಡ ಮೀನೆಲ್ಲ ತಂಪೂ ಬೇಕು, ಉಸಿರೂ ಬೇಕು ಅಂತ ಆ ಗೆರೆಯ ಮೇಲೆಯೇ, 25-30 ಅಡಿಯಲ್ಲಿ, ಜಲ್ಲಿಯ ಇಳಿಜಾರು, ಬಂಡೆಯ ಮೆಟ್ಟಿಲು, ಮುಳುಗಿ ನಿಂತ ಹಳೇ ಮರಗಳ ಬುಡದಲ್ಲಿ ಇರ್ತಾವೆ. ಅಣೆಕಟ್ಟು ಕಟ್ಟುವಾಗ ಬಿಟ್ಟ ಮರಗಳು ಇನ್ನೂ ಹಾಗೇ ನಿಂತಿದ್ದಾವೆ ಮಾರಾಯ್ರೆ! ನೀರು ತಿಳಿ, ಮೇಲಿನಿಂದ ಕೊಂಬೆ ಕಾಣ್ತದೆ, ಮತ್ತೆ ಕತ್ತಲು. ಮೊದಲ ಸಲ ಬಗ್ಗಿ ಕಂಡಾಗ ನನಗೆ ತಲೆ ತಿರುಗಿ ಸೀಟು ಗಟ್ಟಿ ಹಿಡ್ಕೊಂಡೆ.

ಜಿಗ್ಗನ್ನು ದೂರ ಎಸೆದು ಬಿಟ್ಟುಬಿಡಬೇಕು, ರೀಲು ತಿರುಗಿಸಬಾರದು. ದಾರ ನೀರಿಗೆ ಇಳೀತಾ ಇರ್ತದೆ. ನಾನು ಮನಸ್ಸಲ್ಲೇ ಎಣಿಸ್ತೆ, ಒಂದು, ಎರಡು. ಅಡಿ ತಾಗಿದ ಕೂಡಲೇ ಬಿಗಿ ಇದ್ದ ದಾರ ಸೋತು ನೀರ ಮೇಲೆ ಮಲಗ್ತದೆ. ಎಣಿಕೆ ಮುಗಿಯುವ ಮೊದಲೇ ಮಲಗಿತು ಅಂದರೆ ನಡುವಿನಲ್ಲೇ ಯಾರೋ ಬಾಯಿ ಹಾಕಿದ್ದಾರೆ ಅಂತ. ಅಡಿ ತಾಗಿದ ಮೇಲೆ ರಾಡನ್ನು ಬದಿಗೆ ಮೆಲ್ಲ ಎಳೆಯುವುದು, ಒಂದು ಅಡಿ, ಎರಡು ಅಡಿ, ನಿಲ್ಲಿಸುವುದು, ಸಡಿಲವಾದ ದಾರ ಸುತ್ತಿಕೊಳ್ಳುವುದು. ಹಾರಿಸಬಾರದು, ಕುಣಿಸಬಾರದು. ಕಲ್ಲಿನ ಮೇಲೆ ಕಲ್ಲು ಜಾರಿದ ಹಾಗೆ ಎಳೀಬೇಕು.

ಮೀನು ಕಚ್ಚಿದ್ದು ಹೇಂಗೆ ಗೊತ್ತಾತ್ ಅಂದೇಳಿ ನೀವು ಕೇಳ್ತ್ರಿ. ನಾನೂ ಅದನ್ನೇ ಕೇಳಿ ಕೇಳಿ ಇವರ ತಲೆ ತಿಂದೆ. ಸಣ್ಣದಾದರೆ ಟಕ್ ಟಕ್ ಅಂತ ಕುಕ್ಕುತ್ತದೆ. ದೊಡ್ಡದು ಹಾಗೆ ಮಾಡುವುದಿಲ್ಲ. ಬಾಯಿ ತೆರೆದು ನೀರಿನ ಸಮೇತ ಒಳಗೆ ಎಳೆದುಕೊಳ್ತದೆ, ಸುಳ್ಳು ಅಂತ ಗೊತ್ತಾದ ಕ್ಷಣ ಉಗುಳಿಬಿಡ್ತದೆ. ನಮ್ಮ ಕೈಗೆ ಬರುವುದು ಬರೀ ಒಂದು ಭಾರ, ಒದ್ದೆ ಬಟ್ಟೆ ಸಿಕ್ಕಿದ ಹಾಗೆ. ಕೆಲವು ಸಲ ಅದೂ ಇಲ್ಲ, ಇದ್ದ ಭಾರವೇ ಹೋಗಿಬಿಡ್ತದೆ, ಜಿಗ್ ಎತ್ತಿಕೊಂಡು ನಮ್ಮ ಕಡೆಗೇ ಬರುವುದರಿಂದ. ಆಗ ಯೋಚನೆ ಮಾಡ್ತಾ ಕೂತರೆ ಹೋಯ್ತು. ಸಡಿಲ ದಾರ ಬೇಗ ಸುತ್ತಿ, ರಾಡನ್ನು ಜೋರಾಗಿ ಮೇಲಕ್ಕೆ ಎತ್ತಬೇಕು. ಕೊಕ್ಕೆ ದಪ್ಪ, ದಾರ ಉದ್ದ, ಮೆತ್ತಗೆ ಎತ್ತಿದರೆ ನಾಟುವುದಿಲ್ಲ.

ಜೂನ್, ಜುಲೈ ಇಡೀ ನನಗೆ ಒಂದೂ ಸಿಗಲಿಲ್ಲ. ಕಲ್ಲಿಗೆಲ್ಲ ಜೋರಾಗಿ ಎತ್ತಿದೆ, ಮೀನು ಬಂದಾಗ ಕಲ್ಲು ಅಂತ ಸುಮ್ಮನಿದ್ದೆ. ಒಂದು ಸಲ ಇವರ ಬೆರಳಿಗೆ ಕೊಕ್ಕೆ ಚುಚ್ಚಿತು. ರಕ್ತ ತೆಳು ಮಾಡುವ ಮಾತ್ರೆ ತೆಕ್ಕೊಂತಿದ್ದಾರಲ್ಲ, ಸಣ್ಣ ಗಾಯಕ್ಕೂ ರಕ್ತ ನಿಲ್ಲುವುದೇ ಇಲ್ಲ. ಬಟ್ಟೆ ಕಟ್ಟಿ ಹದಿನೈದು ನಿಮಿಷ ಒತ್ತಿ ಹಿಡಿದು ಕೂತೆ. ಆವತ್ತಿನಿಂದ ಇವರ ಮೀನಿನ ಬಾಯಿಂದ ಕೊಕ್ಕೆ ತೆಗೆಯುವ ಕೆಲಸ ನನ್ನದು. ಅದಕ್ಕೆಂತ ಹೆದರಿಕೆ? ಬುಟ್ಟಿಗಟ್ಟಲೆ ಬೈಗೆ ಸೋಸಿದ ಕೈ ಇದು. ಬಾಸಿಗೆ ಚೂಪು ಹಲ್ಲಿಲ್ಲ, ಉಪ್ಪುಕಾಗದದ ಹಾಗೆ ತರಿ ತರಿ ಅಷ್ಟೆ, ಕೆಳದುಟಿಯನ್ನು ಹೆಬ್ಬೆರಳಲ್ಲಿ ಹಿಡಿದರೆ ಸುಮ್ಮನೆ ನೇತಾಡ್ತದೆ.

ಆಗಸ್ಟಿನ ಒಂದು ಶನಿವಾರ. ಹೊತ್ತಾರೆ ಆರೂವರೆ, ನೀರ ಮೇಲೆ ಇನ್ನೂ ಹಬೆ. ಒಂದು ಜಲ್ಲಿಯ ಮೂಲೆ, ಪರದೆ ಮೇಲೆ 28 ಅಡಿ. ನಾನು ಎಸೆದೆ, ಎಣಿಸಿದೆ, ಅಡಿ ತಾಗಿತು. ಎಳೆದೆ: ಕಟ್ ಕಟ್. ಜಲ್ಲಿ. ನಿಲ್ಲಿಸಿದೆ. ಎಳೆದೆ: ಗರಗರ. ಚಪ್ಪಡಿ ಕಲ್ಲು. ಚಪ್ಪಡಿಯ ಅಂಚಿಗೆ ಬಂದು ಟಪ್ ಅಂತ ಕೆಳಗೆ ಬಿತ್ತು. ನಾನು ಹೋಗಿ ನಿಂತು ಕಂಡ ಹಾಗೆ ಇತ್ತು, ಆ ಕತ್ತಲಲ್ಲಿ ಒಂದು ಮೆಟ್ಟಿಲು. ಮತ್ತೊಂದು ಎಸೆತ, ಅದೇ ಜಾಗ. ಮತ್ತೊಂದು. ಸೂರ್ಯ ಗುಡ್ಡದ ಮೇಲೆ ಬಂದದ್ದು ನನಗೆ ಗೊತ್ತೇ ಆಗಲಿಲ್ಲ. ಆಮೇಲೆ ಒಂದು ಸಲ ಮೆಟ್ಟಿಲಿಂದ ಕೆಳಗೆ ಬೀಳಬೇಕಾದದ್ದು ಬೀಳಲಿಲ್ಲ. ಕಲ್ಲಿಲ್ಲ, ಜಲ್ಲಿಯಿಲ್ಲ, ಭಾರವಿಲ್ಲ. ಬೆರಳ ಮೇಲೆ ಎಂತದೂ ಇಲ್ಲ. ಸುತ್ತಿದೆ, ಎತ್ತಿದೆ. ರಾಡ್ ಬಗ್ಗಿ ನಿಂತುಬಿಟ್ಟಿತು, ಮತ್ತೆ ಆ ಕಲ್ಲು ತಲೆ ಅಲ್ಲಾಡಿಸಿತು.

"ಹ್ವಾಯ್!" ಅಂತ ನಾನು ಕಿರುಚಿದ್ದು ಗುಡ್ಡಕ್ಕೆ ತಾಗಿ ಮರಳಿ ಬಂತು. ಇವರು ಮುಂದಿನಿಂದ ಹೌಹಾರಿ ತಿರುಗಿದರು, ಒಂದು ಕೈ ಎದೆ ಮೇಲೆ.

ಆ ಕೈ ಕಂಡ ಕೂಡಲೇ ನನ್ನ ಜೀವ ಹೋಯ್ತು. ರಾಡ್ ಬಿಟ್ಟುಬಿಡುವವಳಿದ್ದೆ. "ಎಂತಾಯ್ತ್? ಎದೆಯಾ?" ಅಂದೆ.

"ಎದೆ ಅಲ್ಲ ಮಾರಾಯ್ತಿ, ನಿನ್ ಕೂಗಿಗೆ ಹೆದ್ರದ್! ಬಿಡಬೇಡ, ಸುತ್ತ್, ಸುತ್ತ್!"

ಬಲೆ ಹಾಕಿ ಎತ್ತಿದವರು ಇವರೇ. ಅಳೆದರೆ 16 ಇಂಚು. ಮೈ ಮೇಲೆ ಚುಕ್ಕಿ ಸಾಲು ಇರುವ ಜಾತಿ, ಇಲ್ಲಿಯವರು ಕೆಂಟಕಿ ಅಂತಾರೆ. ಆ ಸರೋವರದಲ್ಲಿ 15 ಇಂಚಿಗಿಂತ ಚಿಕ್ಕ ಬಾಸ್ ಇಟ್ಟುಕೊಳ್ಳುವ ಹಾಗಿಲ್ಲ, ಇದನ್ನು ಇಟ್ಟುಕೊಳ್ಳಬಹುದಿತ್ತು. ದೊಡ್ಡಕ್ಕ, ಇನ್ನು ನೀನು ಕೇಳು. ಆಳದಿಂದ ಬೇಗ ಮೇಲೆ ತಂದ ಮೀನಿಗೆ ಹೊಟ್ಟೆಯೊಳಗಿನ ಗಾಳಿಚೀಲ ಉಬ್ಬಿಕೊಳ್ತದೆ, ಹೆಚ್ಚು ಹೊತ್ತು ಮೇಲೆ ಇಟ್ಟುಕೊಂಡರೆ ಮತ್ತೆ ಕೆಳಗೆ ಹೋಗಲಿಕ್ಕೆ ಆಗದೆ ತೇಲ್ತದೆ. ಬಿಡುವುದಾದರೆ ಕೂಡಲೇ ಬಿಡಬೇಕು, ತಿಂಬುದಾದರೆ ತಿನ್ನಬೇಕು, ನಡುವೆ ಇಲ್ಲ. ನಾನು ಅದನ್ನು ಒಂದು ಗಳಿಗೆ ಕಂಡೆ, ಅದೂ ಬಾಯಿ ತೆರೆದು ಮುಚ್ಚಿ ಉಸಿರು ಎಳೆಯುತ್ತಿತ್ತು. ಇವರು ಫೋಟೋ ಹೊಡೆದ ಕೂಡಲೇ ನೀರಿಗಿಟ್ಟೆ. ಬಾಲ ಬಡಿದು ಮುಖಕ್ಕೆಲ್ಲ ನೀರು ಹಾರಿಸಿ ಕೆಳಗೆ ಹೋಯ್ತು. ಸಾರು ಮಾಡುವ ಮನಸ್ಸು ಬರಲಿಲ್ಲ ನಂಗೆ, ಅಷ್ಟೆ. ಸೆಪ್ಟೆಂಬರಿನಲ್ಲಿ ಒಂದನ್ನು ತಂದು ಮಾಡಿದೆ, ಹುಳಿ ಸ್ವಲ್ಪ ಜಾಸ್ತಿ ಹಾಕಿ. ಸುಳ್ಳು ಯಾಕೆ, ನಮ್ಮ ಬಂಗ್ಡೆ ಮುಂದೆ ಸಪ್ಪೆ.

ಮನೆಗೆ ಬರುವಾಗ ಕಾರಲ್ಲಿ ಲೆಕ್ಕ ಹಾಕಿದೆ. ಆರೂವರೆಯಿಂದ ಎಂಟರವರೆಗೆ, ಒಂದೂವರೆ ಗಂಟೆ, ನಾನು ಒಂದು ಸಲವೂ ಇವರ ಬೆನ್ನು ಕಂಡಿರಲಿಲ್ಲ. ನೆನೆಸಿಕೊಂಡು ಮೈ ನಡುಗಿತು. ಆ ಹೊತ್ತಲ್ಲಿ ಎಂತಾದರೂ ಆಗಿದ್ದರೆ? ಇವರಿಗೆ ಹೇಳಿದೆ. ರಸ್ತೆ ಕಾಣುತ್ತಲೇ ಅಂದರು, "ನಂಗೆ ಗೊತ್ತಿತ್ತ್. ಅದ್ಕೇ ಸುಮ್ನಿದ್ದೆ." ಜನವರಿಯಿಂದ ಮೊದಲ ಸಲ ಆ ದಿನ ಒಂದು ಗಂಟೆ ತನಗೆ ರೋಗಿ ಅಂತ ಅನ್ನಿಸಲಿಲ್ಲ ಅಂದರು. ನಾನು ಕಿಟಕಿ ಕಡೆ ಮುಖ ಮಾಡಿದೆ.

ರಾತ್ರಿ ಎರಡು ಗಂಟೆಗೆ ಈಗಲೂ ಎಚ್ಚರ ಆಗ್ತದೆ, ಇಲ್ಲ ಅಂದರೆ ಸುಳ್ಳು. ಆದರೆ ದೀಪ ಹಾಕುವುದಿಲ್ಲ, ಮೂಗಿಗೆ ಬೆರಳು ಹಿಡಿಯುವುದೂ ಬಿಟ್ಟೆ. ಇವರ ಹೊದಿಕೆಯ ಅಂಚನ್ನು ತೋರುಬೆರಳಿನ ಮೇಲೆ ಇಟ್ಟುಕೊಂಡು ಮಲಗ್ತೆ. ಏರ್ತದೆ, ಇಳೀತದೆ, ಗೊತ್ತಾಗ್ತದೆ. ಹಾಗೇ ನಿದ್ದೆ ಬತ್ತ್.

ಅಜ್ಜಿಗೆ ಒಂದು ಡಬ್ಬಿ ಹಾಲ್ಬಾಯಿ ಕೊಟ್ಟು ಬಂದೆ. ಈ ಶನಿವಾರ ಮತ್ತೆ ಹೋಪುದಿತ್ತ್. ಕೆಂಪು ಹಗ್ಗ ನಾನೇ ಎಳೆದು ಕಾಣುದು, ಅದೊಂದು ಬಿಡುಕಾತಿಲ್ಲೆ. ಬೀನ್ಸ್ ಮಾತ್ರ ಶುಕ್ರವಾರ ರಾತ್ರಿಯೇ ಮನೆಯಲ್ಲಿ ಕೊಯ್ದು ಫ್ರಿಜ್ಜಿನಲ್ಲಿ ಇಟ್ಟು ಹೋತೆ.